‘ಸರ್ಕಾರದ ಗಮನಕ್ಕೆ ಬಂದಿದೆಯೇ?’: ಸದನದಲ್ಲಿ ಒಂದು ಪ್ರಶ್ನೆ ಸಾಗುವ ದಾರಿ

ಕರ್ನಾಟಕ ವಿಧಾನಸಭೆಯಲ್ಲಿ ಸಚಿವರು ಕೊಡುವ ಲಿಖಿತ ಉತ್ತರದ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೇಲ್ಗಡೆ ಪ್ರಶ್ನೆಯ ಸಂಖ್ಯೆ, ಕೇಳಿದ ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಅದರ ಕೆಳಗೆ ಕೋಷ್ಟಕ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಅಂತ ತುಂಡು ಮಾಡಿರುತ್ತಾರೆ. ಮೊದಲ ತುಂಡು ಬಹಳ ಸಲ ಒಂದೇ ಥರ ಮುಗಿಯುತ್ತದೆ: ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅದರ ಎದುರಿಗೆ ಒಂದೇ ಪದ: ‘ಬಂದಿದೆ.’

ಮೊದಲ ಸಲ ಓದಿದಾಗ ಇದು ಬರೀ ಕಚೇರಿ ಭಾಷೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಒಂದು ಪದಕ್ಕೆ ದೊಡ್ಡ ತೂಕ ಇದೆ. ‘ಬಂದಿದೆ’ ಅಂತ ಬರೆದುಕೊಟ್ಟ ಮೇಲೆ ಆ ಸರ್ಕಾರ ಮುಂದೆ ಯಾವತ್ತೂ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನುವ ಹಾಗಿಲ್ಲ. ತಾರೀಕು ಸಮೇತ, ಸಚಿವರ ಹೆಸರಿನ ಸಮೇತ ಅದು ಸದನದ ಕಡತ ಸೇರಿತು.

ಟೀವಿಯಲ್ಲಿ ನಮಗೆ ಕಾಣುವ ಸದನವೇ ಬೇರೆ. ಕೂಗಾಟ, ಧರಣಿ, ಸಭಾಧ್ಯಕ್ಷರ ಪೀಠದ ಮುಂದೆ ಬಾವಿಗಿಳಿದವರು. ಪ್ರಶ್ನೋತ್ತರ ವೇಳೆ ಅಂತ ಒಂದು ಹೊತ್ತು ಇದೆ, ಅದರಲ್ಲಿ ನಮ್ಮ ಊರಿನ ನೀರು, ರಸ್ತೆ, ಮೇಷ್ಟ್ರು, ಪಿಂಚಣಿ ಎಲ್ಲದರ ಲೆಕ್ಕ ಕೇಳಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಹೊತ್ತು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಬೇರಿನಿಂದ. ಸಂವಿಧಾನದ 164(2)ನೇ ವಿಧಿ ಒಂದು ಮಾತು ಹೇಳುತ್ತದೆ: ರಾಜ್ಯದ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ಕೇಂದ್ರದಲ್ಲಿ 75(3)ನೇ ವಿಧಿ ಲೋಕಸಭೆಯ ಬಗ್ಗೆ ಇದನ್ನೇ ಹೇಳುತ್ತದೆ. ಅಂದರೆ ಮಂತ್ರಿಗಳು ಸದನಕ್ಕೆ ಉತ್ತರ ಕೊಡುವುದು ದೊಡ್ಡ ಮನಸ್ಸು ಮಾಡಿ ಅಲ್ಲ. ಅದು ಅವರ ಕೆಲಸ. ಈ ಹೊಣೆಯನ್ನು ವಸೂಲಿ ಮಾಡಲು ಸದಸ್ಯರ ಕೈಯಲ್ಲಿ ಹಲವು ಸಾಧನಗಳಿವೆ. ಬಜೆಟ್ ಚರ್ಚೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯ, ಗಮನ ಸೆಳೆಯುವ ಸೂಚನೆ. ಆದರೆ ಇವುಗಳಲ್ಲಿ ದೊಡ್ಡವಕ್ಕೆಲ್ಲ ತಲೆ ಎಣಿಕೆ ಬೇಕು. 224 ಚುನಾಯಿತ ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಸರ್ಕಾರ ಬೀಳಿಸಬೇಕಾದರೆ ಹೆಚ್ಚುಕಡಿಮೆ 113 ಕೈ ಮೇಲೇಳಬೇಕು. ಪ್ರಶ್ನೆ ಕೇಳಲು? ಒಬ್ಬರು ಸಾಕು. ಪಕ್ಷದ ಬಲ ಬೇಡ, ವಿಪ್ (ಪಕ್ಷದ ಕಡ್ಡಾಯ ಸೂಚನೆ) ಬೇಡ, ಮತದಾನ ಬೇಡ. ಪಕ್ಷೇತರರಾಗಿ ಗೆದ್ದು ಬಂದ ಒಂಟಿ ಶಾಸಕರೂ ಹಣಕಾಸು ಇಲಾಖೆಯಿಂದ ಲೆಕ್ಕ ತರಿಸಬಹುದು. ಇಡೀ ವ್ಯವಸ್ಥೆಯಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದೇ.

ಈ ಹಕ್ಕು ಸುಮ್ನೆ ಬಂದದ್ದಲ್ಲ. ನಮ್ಮ ಕಡೆಯ ಕಥೆ 1881ರಿಂದ ಶುರುವಾಗುತ್ತದೆ. ಆ ವರ್ಷದ ದಸರೆಯ ಹೊತ್ತಿಗೆ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ 144 ಸದಸ್ಯರು. ಅವರು ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದಿತ್ತು. ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ. 1893ರಲ್ಲಿ ಮೊದಲ ಪ್ರಶ್ನೆ ಕೇಳಿದವರು ಈಗಿನ ಉತ್ತರ ಪ್ರದೇಶದ ಭಿಂಗಾದ ರಾಜ. ಅವರು ಕೇಳಿದ್ದು ಸಾಮ್ರಾಜ್ಯದ ದೊಡ್ಡ ವಿಚಾರವನ್ನಲ್ಲ. ಪ್ರವಾಸ ಬರುವ ಅಧಿಕಾರಿಗಳಿಗೆ ದಿನಸಿ ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುವ ಪಾಡಿನ ಬಗ್ಗೆ. ಹಳ್ಳಿ ಅಂಗಡಿಯವನ ಅಕ್ಕಿ ಬೇಳೆಯಿಂದ ಈ ದೇಶದ ಪ್ರಶ್ನೋತ್ತರ ಶುರುವಾಯಿತು ಅನ್ನೋದು ಎಷ್ಟು ಚೆನ್ನಾಗಿದೆ, ಅಲ್ವಾ?

ಆದರೆ 1892ರ ಕಾಯ್ದೆಯಲ್ಲಿ ಒಂದು ಬಾಗಿಲು ಮುಚ್ಚಿತ್ತು. ಪ್ರಶ್ನೆ ಕೇಳಬಹುದು, ಉತ್ತರ ಕೇಳಿಸಿಕೊಂಡು ಕೂರಬೇಕು. ಮೇಲೊಂದು ಉಪಪ್ರಶ್ನೆ ಕೇಳುವ ಹಾಗಿಲ್ಲ. 1909ರ ಸುಧಾರಣೆಯಲ್ಲಿ, ಮೂಲ ಪ್ರಶ್ನೆ ಕೇಳಿದವರು ಮಾತ್ರ ಉಪಪ್ರಶ್ನೆ ಕೇಳಬಹುದು ಅಂತಾಯಿತು. 1919ರ ಸುಧಾರಣೆಯ ನಂತರ ಬೇರೆ ಸದಸ್ಯರೂ ಕೇಳಬಹುದಾಯಿತು. ಒಂದು ಸಣ್ಣ ಉಪಪ್ರಶ್ನೆಗೆ ಆಳುವವರು ಇಷ್ಟು ವರ್ಷ ತಡೆ ಹಾಕಿದ್ದು ಯಾಕೆ? ಬರೆದುಕೊಟ್ಟ ಪ್ರಶ್ನೆಗೆ ಅಧಿಕಾರಿಗಳು ಬರೆದುಕೊಟ್ಟ ಉತ್ತರ ಓದಬಹುದು. ಉಪಪ್ರಶ್ನೆಗೆ ಮಂತ್ರಿ ತಾವೇ ಯೋಚಿಸಬೇಕು, ತಾವೇ ಬಾಯಿ ಬಿಡಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೇನೆ.

ಈಗ ಒಂದು ಪ್ರಶ್ನೆಯ ಬೆನ್ನು ಹತ್ತೋಣ. ಉದಾಹರಣೆಗೆ ಒಂದು ತಾಲ್ಲೂಕು ಅಂದುಕೊಳ್ಳಿ. ಅಲ್ಲಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿ, ಒಬ್ಬರೇ ಮೇಷ್ಟ್ರು. ಮೇಷ್ಟ್ರು ಮೀಟಿಂಗಿಗೆ ಹೋದ ದಿನ ಶಾಲೆಗೆ ಬೀಗ. ಊರಿನವರು ಶಾಸಕರ ಹತ್ತಿರ ಹೇಳಿಕೊಂಡರು. ಶಾಸಕರು ಸದನದಲ್ಲಿ ಕೇಳುತ್ತೇನೆ ಅಂದರು.

ಪ್ರಶ್ನೆಯನ್ನು ಮೊದಲೇ ಬರೆದು ಕೊಡಬೇಕು. ಸಚಿವರಿಗೆ ಮಾಹಿತಿ ತರಿಸಲು ಸಮಯ ಬೇಕಲ್ಲ. ಲೋಕಸಭೆಯಲ್ಲಿ 15 ದಿನದ ನೋಟಿಸ್ ಬೇಕು. ನಮ್ಮ ಸದನಗಳಲ್ಲೂ ಮುಂಚಿತವಾಗಿ ಸೂಚನೆ ಕೊಡುವುದೇ ಪದ್ಧತಿ. ಪ್ರಶ್ನೆ ಹೇಗಿರಬೇಕು ಅನ್ನುವುದಕ್ಕೂ ನಿಯಮಗಳಿವೆ. ಲೋಕಸಭೆಯಲ್ಲಿ 150 ಪದ ಮೀರಬಾರದು. ವಾದ ಮಾಡಬಾರದು, ಆರೋಪ ಹೊರಿಸಬಾರದು, ವ್ಯಂಗ್ಯ ಇರಬಾರದು. ‘ಹೀಗಾದರೆ ಏನು ಮಾಡುತ್ತೀರಿ’ ಅಂತ ಊಹೆಯ ಪ್ರಶ್ನೆ ಕೇಳಬಾರದು. ನ್ಯಾಯಾಲಯದ ಮುಂದಿರುವ ವಿಷಯ ಬೇಡ. ಒಪ್ಪಬೇಕೋ ಬೇಡವೋ ಅನ್ನುವುದು ಸಭಾಧ್ಯಕ್ಷರ ತೀರ್ಮಾನ.

ಆಮೇಲೆ ಚುಕ್ಕೆ. ಕಾರ್ಯಕಲಾಪ ಪಟ್ಟಿಯಲ್ಲಿ ಕೆಲವು ಪ್ರಶ್ನೆಗಳ ಸಂಖ್ಯೆಗೆ ನಕ್ಷತ್ರದ ಗುರುತು ಹಾಕಿರುತ್ತಾರೆ. ಅವು ‘ಚುಕ್ಕೆ ಗುರುತಿನ ಪ್ರಶ್ನೆ’ಗಳು. ಅವಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಉಳಿದವು ‘ಚುಕ್ಕೆ ಗುರುತಿಲ್ಲದ ಪ್ರಶ್ನೆ’ಗಳು. ಅವಕ್ಕೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಸಾಲಿನಲ್ಲಿ ಯಾರ ಪ್ರಶ್ನೆ ಮೇಲೆ, ಯಾರದು ಕೆಳಗೆ ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಯಾವ ದಿನ ಯಾವ ಇಲಾಖೆ ಅನ್ನುವುದೂ ಮೊದಲೇ ಗೊತ್ತಿರುತ್ತದೆ. ಒಂದು ಗಂಟೆಯಲ್ಲಿ 20 ಪ್ರಶ್ನೆ ಮುಗಿಯುವುದು ಬಹಳ ಅಪರೂಪ. ಸಾಮಾನ್ಯವಾಗಿ ನಾಲ್ಕೈದು ಮುಗಿಯುವಷ್ಟರಲ್ಲಿ ಗಂಟೆ ಆಗಿರುತ್ತದೆ. ಉಳಿದವಕ್ಕೆ ಲಿಖಿತ ಉತ್ತರವೇ ಗತಿ.

ಇತ್ತ ನಮ್ಮ ಶಾಲೆಯ ಪ್ರಶ್ನೆ ಏನಾಯಿತು? ವಿಧಾನಸಭೆ ಸಚಿವಾಲಯದಿಂದ ಶಿಕ್ಷಣ ಇಲಾಖೆಗೆ ಹೋಯಿತು. ಇಲಾಖೆಯಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲಿಂದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ. ಸರ್ಕಾರಿ ಕಚೇರಿಗಳಲ್ಲಿ ಇದನ್ನು ‘ಎಲ್‌ಎಕ್ಯೂ’ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್) ಅಂತ ಕರೆಯುತ್ತಾರೆ. ವಿಧಾನ ಪರಿಷತ್ತಿನಿಂದ ಬಂದರೆ ‘ಎಲ್‌ಸಿಕ್ಯೂ’. ಅಧಿವೇಶನದ ದಿನಗಳಲ್ಲಿ ಯಾವುದಾದರೂ ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ‘ಎಲ್‌ಎಕ್ಯೂ ಬಂದಿದೆ, ಸಂಜೆಯೊಳಗೆ ಮಾಹಿತಿ ಕಳಿಸಿ’ ಅಂತ ಫೋನ್ ಮೇಲೆ ಫೋನ್. ಬೇರೆ ಕೆಲಸ ಬದಿಗಿಟ್ಟು ಗುಮಾಸ್ತರು ರಿಜಿಸ್ಟರ್ ತೆಗೆದು ಎಣಿಸುತ್ತಿರುತ್ತಾರೆ. ಗೆಳೆಯನೊಬ್ಬ ಇಂಥದ್ದೊಂದು ಕಚೇರಿಯಲ್ಲಿದ್ದಾನೆ. ‘ಎಲ್‌ಎಕ್ಯೂ ಬಂದ ಮೇಲೇ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಅಂತ ನಮಗೇ ಪೂರ್ತಿ ಗೊತ್ತಾಗಿದ್ದು’ ಅಂತ ಅವನು ಒಮ್ಮೆ ಹೇಳಿದ್ದ. ಸದನದಲ್ಲಿ ಇನ್ನೂ ಯಾರೂ ಬಾಯಿ ತೆರೆದಿರಲಿಲ್ಲ. ಪ್ರಶ್ನೆ ಆಗಲೇ ಅರ್ಧ ಕೆಲಸ ಮಾಡಿತ್ತು.

ಅದಕ್ಕೇ ಪ್ರಶ್ನೆಯನ್ನು ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ತಾಲ್ಲೂಕಿನ ಶಾಲೆಗಳ ಸ್ಥಿತಿ ಹೇಗಿದೆ?’ ಅಂತ ಕೇಳಿದರೆ ‘ಸುಧಾರಣೆಗೆ ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಅಂತ ಉತ್ತರ ಬರುತ್ತದೆ. ಅದರಿಂದ ಯಾರಿಗೂ ಏನೂ ಸಿಗಲಿಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ. (ಅ) ತಾಲ್ಲೂಕಿನಲ್ಲಿ ಏಕೋಪಾಧ್ಯಾಯ ಶಾಲೆಗಳು ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಎಷ್ಟು, ಯಾವ ಶಾಲೆಗಳು, ಯಾವ ವರ್ಷದಿಂದ? (ಇ) ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಷ್ಟು ಅತಿಥಿ ಶಿಕ್ಷಕರನ್ನು ಕೊಡಲಾಗಿದೆ? (ಈ) ಖಾಲಿ ಹುದ್ದೆಗಳನ್ನು ಯಾವ ಕಾಲಮಿತಿಯಲ್ಲಿ ತುಂಬಲಾಗುವುದು? ಇದಕ್ಕೆ ಅಂಕಿ ಕೊಡದೆ ಉತ್ತರ ಬರೆಯಲು ಬರುವುದಿಲ್ಲ. ಪ್ರತಿ ಶಾಲೆಯ ಹೆಸರು ಅನುಬಂಧದಲ್ಲಿ ಬರಲೇಬೇಕು.

ಉತ್ತರ ಓದುವುದೂ ಒಂದು ವಿದ್ಯೆ. ಕೆಲವು ಮಾತುಗಳ ಒಳಗೆ ಏನಿದೆ ಅಂತ ಗೊತ್ತಿದ್ದರೆ ಒಳ್ಳೆಯದು. ‘ಉದ್ಭವಿಸುವುದಿಲ್ಲ’ ಅಂದರೆ, ಮೊದಲ ಭಾಗಕ್ಕೆ ‘ಇಲ್ಲ’ ಅಂದಿದ್ದೇವೆ, ಹಾಗಾಗಿ ಮುಂದಿನ ಭಾಗಕ್ಕೆ ಉತ್ತರ ಕೊಡುವ ಅಗತ್ಯವೇ ಇಲ್ಲ ಅಂತ. ಆದ್ದರಿಂದ (ಅ) ಭಾಗ ಬರೆಯುವಾಗ ಬಹಳ ಎಚ್ಚರ ಬೇಕು. ಅಲ್ಲಿ ಒಂದು ಪದ ತಪ್ಪಿದರೆ ಇಡೀ ಪ್ರಶ್ನೆ ಕೈತಪ್ಪಿತು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂದರೆ ಈ ದಿನಕ್ಕೆ ಉತ್ತರ ಸಿದ್ಧವಿಲ್ಲ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ’ ಅಂದರೆ ದುಡ್ಡು ಇನ್ನೂ ಇಟ್ಟಿಲ್ಲ. ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಅಂದರೆ ಕಡತ ಎಲ್ಲೋ ಇದೆ, ಆದರೆ ಎಲ್ಲಿ, ಎಷ್ಟು ದಿನದಿಂದ ಅಂತ ಹೇಳಿಲ್ಲ.

ಇಲ್ಲೇ ಉಪಪ್ರಶ್ನೆಯ ಕೆಲಸ. ‘ಪರಿಶೀಲನೆಯಲ್ಲಿದೆ’ ಅಂತ ಸಚಿವರು ಅಂದ ಕೂಡಲೇ ಶಾಸಕರು ಎದ್ದು, ‘ಮಾನ್ಯ ಸಭಾಧ್ಯಕ್ಷರೇ, ಕಡತ ಹಣಕಾಸು ಇಲಾಖೆಗೆ ಹೋಗಿದೆಯೇ? ಯಾವ ತಾರೀಕು ಹೋಯಿತು?’ ಅಂತ ಕೇಳಬಹುದು. ಸಚಿವರ ಕೈಯಲ್ಲಿರುವ ಕಡತದಲ್ಲಿ ಅದು ಇರಬಹುದು, ಇಲ್ಲದಿರಬಹುದು. ಅಧಿಕಾರಿಗಳು ಸದನದಲ್ಲಿ ತಮಗಾಗಿ ಇರುವ ಜಾಗದಲ್ಲಿ ಕೂತಿರುತ್ತಾರೆ, ಅಲ್ಲಿಂದ ಒಂದು ಚೀಟಿ ಬರುತ್ತದೆ. ಮಾತಾಡುವುದು ಮಾತ್ರ ಮಂತ್ರಿಯೇ. ಇಲಾಖೆಯನ್ನು ಓದಿಕೊಂಡು ಬಂದ ಮಂತ್ರಿ ಯಾರು, ಹಾಳೆ ಓದಿ ಕೂರುವ ಮಂತ್ರಿ ಯಾರು ಅನ್ನುವುದು ಆ ಒಂದು ನಿಮಿಷದಲ್ಲಿ ಎಲ್ಲರಿಗೂ ತಿಳಿಯುತ್ತದೆ. 1892ರಲ್ಲಿ ಮುಚ್ಚಿದ್ದ ಬಾಗಿಲು ಇದೇ.

ಸಚಿವರು ‘ಮಾಡಿಸಿಕೊಡುತ್ತೇನೆ’ ಅಂದುಬಿಟ್ಟರೆ ಅದು ಬರೀ ಮಾತಾಗಿ ಉಳಿಯಬಾರದು. ಅದಕ್ಕೆ ‘ಸರ್ಕಾರಿ ಭರವಸೆಗಳ ಸಮಿತಿ’ ಇದೆ. ಸದನದಲ್ಲಿ ಕೊಟ್ಟ ಮಾತುಗಳನ್ನು ಹೆಕ್ಕಿ, ಈಡೇರಿತೇ ಇಲ್ಲವೇ ಅಂತ ನೋಡುವುದೇ ಅದರ ಕೆಲಸ. ಲೋಕಸಭೆಯಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಅನ್ನುವುದು ಪದ್ಧತಿ. ಬೇಕೆಂದೇ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ, ಮಾತು ಬರುತ್ತದೆ. ಉತ್ತರದಿಂದ ವಿಷಯ ಪೂರ್ತಿ ತಿಳಿಯಾಗದಿದ್ದರೆ ಅರ್ಧ ಗಂಟೆ ಚರ್ಚೆಗೂ ಅವಕಾಶ ಇದೆ.

ಇಷ್ಟೆಲ್ಲ ಇದ್ದೂ ಒಂದು ಪ್ರಶ್ನೆಯಿಂದ ಏನು ತಾನೇ ಆಗುತ್ತದೆ ಅಂತ ಕೇಳುವವರಿಗೆ 1957ರ ಮುಂದ್ರಾ ಪ್ರಕರಣ ಹೇಳಬೇಕು.

ಭಾರತೀಯ ಜೀವ ವಿಮಾ ನಿಗಮ, ಅಂದರೆ ನಮ್ಮ ಎಲ್‌ಐಸಿ, ಆಗಿನ್ನೂ ಒಂದು ವರ್ಷದ ಕೂಸು. 1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣವಾಗಿತ್ತು. 1957ರ ಜೂನ್‌ನಲ್ಲಿ ಎಲ್‌ಐಸಿ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು 1 ಕೋಟಿ 20 ಲಕ್ಷಕ್ಕೂ ಜಾಸ್ತಿ ಕೊಟ್ಟು ಕೊಂಡಿತು. ಕಂಪನಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ಆ ದುಡ್ಡು ಪಾಲಿಸಿ ಮಾಡಿಸಿದ ಸಾಮಾನ್ಯ ಜನರದು. ಅದೇ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್ ಈ ಬಗ್ಗೆ ಪ್ರಶ್ನೆ ಎತ್ತಿದರು. ಸರಿಯಾದ ಉತ್ತರ ಬರಲಿಲ್ಲ. ಚಳಿಗಾಲದ ಅಧಿವೇಶನದಲ್ಲಿ ಮತ್ತೆ ಪ್ರಶ್ನೆ ಬಂತು. ಈ ಸಲ ಫಿರೋಜ್ ಗಾಂಧಿ ಬೆನ್ನು ಬಿಡಲಿಲ್ಲ. ಡಿಸೆಂಬರ್ 16ರಂದು ಅವರು ಅಂಕಿ ಅಂಶ ಇಟ್ಟುಕೊಂಡು ಸದನದಲ್ಲಿ ಮಾತಾಡಿದರು. ಅವರು ಆಳುವ ಕಾಂಗ್ರೆಸ್ ಪಕ್ಷದ ಸಂಸದರು, ಪ್ರಧಾನಿ ನೆಹರೂ ಅವರ ಅಳಿಯ. ರಾಮ್ ಸುಭಗ್ ಸಿಂಗ್ ಕೂಡ ಕಾಂಗ್ರೆಸ್ಸಿನವರೇ.

ಸರ್ಕಾರ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಬೇಕಾಯಿತು. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಕೇಳಲು ಜನ ಸೇರಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆಯಿಂದ ರಾಜೀನಾಮೆಗೆ ಆರು ತಿಂಗಳು ಹಿಡಿಯಲಿಲ್ಲ.

ಈ ಕಥೆಯಲ್ಲಿ ನನಗೆ ರಾಜೀನಾಮೆಗಿಂತ ಹೆಚ್ಚಿನದು, ಕೇಳಿದವರು ಆಳುವ ಪಕ್ಷದವರು ಅನ್ನೋದು. ಸರ್ಕಾರದ ಕಡೆ ಕೂತವರಿಗೂ ಪ್ರಶ್ನೆಯ ಹಕ್ಕು ಅಷ್ಟೇ ಇದೆ. ಇವತ್ತು ಆ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಹಲವು ಸರ್ಕಾರದ ಯೋಜನೆಯನ್ನು ಸಚಿವರ ಬಾಯಿಂದ ಹೊಗಳಿಸಲಿಕ್ಕೆ ಇರುವಂತೆ ಕಾಣುತ್ತವೆ. ನೋಡಿದಾಗ ಸಂಕಟ ಆಗುತ್ತದೆ. ಒಂದು ಗಂಟೆಯಲ್ಲಿ ನಾಲ್ಕೈದು ಪ್ರಶ್ನೆಗೆ ಮಾತ್ರ ಜಾಗ ಇರುವಾಗ, ಅಂಥ ಒಂದು ಪ್ರಶ್ನೆ ಯಾರದೋ ಊರಿನ ಕುಡಿಯುವ ನೀರಿನ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿರುತ್ತದೆ.

ಈ ಹಕ್ಕು ಹಾಳಾದ ದಿನಗಳನ್ನೂ ಹೇಳಬೇಕು. 2005ರಲ್ಲಿ ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡದ್ದು ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, ಆ ಡಿಸೆಂಬರ್‌ನಲ್ಲಿ ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಹೊರಹಾಕಲಾಯಿತು. 2009ರ ನವೆಂಬರ್ 30ರಂದು ಲೋಕಸಭೆಯಲ್ಲಿ ಪ್ರಶ್ನೆ ಕೊಟ್ಟ ಸದಸ್ಯರೇ ಹಾಜರಿರಲಿಲ್ಲ. ಒಬ್ಬೊಬ್ಬರ ಹೆಸರು ಕರೆದರೂ ಎದ್ದು ನಿಲ್ಲುವವರಿಲ್ಲದೆ ಪ್ರಶ್ನೋತ್ತರ ಅರ್ಧಕ್ಕೇ ಮುಗಿಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಕಾರಣಕ್ಕೆ ಸಂಸತ್ತಿನ ಮುಂಗಾರು ಅಧಿವೇಶನ ಪ್ರಶ್ನೋತ್ತರ ವೇಳೆ ಇಲ್ಲದೆಯೇ ನಡೆಯಿತು. ಲಿಖಿತ ಉತ್ತರ ಮಾತ್ರ ಇತ್ತು. ಆಸ್ಪತ್ರೆ, ಆಮ್ಲಜನಕ, ವಲಸೆ ಕಾರ್ಮಿಕರು, ಕೇಳಬೇಕಾದ್ದು ಬೆಟ್ಟದಷ್ಟಿತ್ತು. ಉಪಪ್ರಶ್ನೆ ಕೇಳುವ ಬಾಗಿಲು ಅದೇ ಹೊತ್ತಿಗೆ ಮುಚ್ಚಿತ್ತು. ಸದನ ಸುರಕ್ಷಿತವಾಗಿ ಸೇರಲು ಸಾಧ್ಯವಿತ್ತು ಅಂದಮೇಲೆ ದಿನಕ್ಕೆ ಒಂದು ಗಂಟೆ ಪ್ರಶ್ನೆಗೂ ಕೊಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಗದ್ದಲದಲ್ಲಿ ಕೊಚ್ಚಿಹೋಗುವ ದಿನಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರತಿಭಟನೆಗೂ ಸದನದಲ್ಲಿ ಜಾಗ ಬೇಕು, ನಿಜ. ಆದರೆ ಪ್ರಶ್ನೋತ್ತರ ಹೋದರೆ ನಿರಾಳವಾಗಿ ಉಸಿರು ಬಿಡುವವರು ಮಂತ್ರಿಗಳು, ಕಳೆದುಕೊಳ್ಳುವವರು ಕೇಳುವವರು. ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಕೂಗಿ ಹೇಳಿದರೂ ಸಚಿವರು ಆಗಲೇ ಉತ್ತರಿಸಬೇಕು ಅಂತೇನಿಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಉತ್ತರಿಸಲೇಬೇಕು. ಇನ್ನೊಂದು ತೊಂದರೆ ಸದನ ಸೇರುವ ದಿನಗಳದ್ದು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಅಂತ ಕರ್ನಾಟಕವೇ 2005ರಲ್ಲಿ ಕಾನೂನು ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ದಿನ ನಡೆಯುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನವೂ ಸುಮಾರು ಹತ್ತು ದಿನದಲ್ಲಿ ಮುಗಿದುಬಿಡುತ್ತದೆ. ದಿನ ಕಡಿಮೆಯಾದಷ್ಟು ಪ್ರಶ್ನೆಯೂ ಕಡಿಮೆ.

ಇನ್ನು ನಮ್ಮ ನಿಮ್ಮ ಪಾಲು. ಉತ್ತರದ ಹಾಳೆಗಳು ಗುಟ್ಟಿನ ಕಾಗದಗಳಲ್ಲ. ವಿಧಾನಮಂಡಲದ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ, ಅದೂ ಕನ್ನಡದಲ್ಲೇ. ನಿಮ್ಮ ಶಾಸಕರು ಕಳೆದ ಅಧಿವೇಶನದಲ್ಲಿ ಏನು ಕೇಳಿದರು ಅಂತ ಅಲ್ಲಿ ಹುಡುಕಿ. ಒಂದೂ ಕೇಳಿಲ್ಲವಾದರೆ ಅದೂ ಒಂದು ಮಾಹಿತಿಯೇ. ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಅವರು ಉತ್ತರಿಸುವ ಸಾಲಿನವರು. ಆಗ ವಿಧಾನ ಪರಿಷತ್ತಿನ ಸದಸ್ಯರನ್ನು ಹಿಡಿಯಿರಿ. ಪರಿಷತ್ತಿನ 75 ಸದಸ್ಯರಲ್ಲಿ ಏಳು ಜನ ಶಿಕ್ಷಕರ ಕ್ಷೇತ್ರದಿಂದ, ಏಳು ಜನ ಪದವೀಧರರ ಕ್ಷೇತ್ರದಿಂದ ಬಂದವರು. ಶಾಲೆಯ ವಿಷಯಕ್ಕೆ ಅವರೇ ಸರಿಯಾದ ಜನ. ಹೋಗುವಾಗ ಬರೀ ಮನವಿ ಪತ್ರ ಒಯ್ಯಬೇಡಿ. ಅ, ಆ, ಇ, ಈ ಅಂತ ಬರೆದ ಪ್ರಶ್ನೆಯನ್ನೇ ಕೈಗೆ ಕೊಡಿ. ಶಾಲೆಯ ಹೆಸರು, ಹುದ್ದೆ ಖಾಲಿಯಾದ ತಿಂಗಳು, ಮಕ್ಕಳ ಸಂಖ್ಯೆ ಅದರಲ್ಲಿರಲಿ. ಶಾಸಕರ ಆಪ್ತ ಸಹಾಯಕರ ಕೆಲಸ ಅರ್ಧ ಹಗುರಾಗುತ್ತದೆ, ನಿಮ್ಮ ಪ್ರಶ್ನೆ ಸದನ ಸೇರುವ ಸಾಧ್ಯತೆ ಅಷ್ಟು ಜಾಸ್ತಿ.

ಉತ್ತರ ಬಂದ ಮೇಲೆ (ಈ) ಭಾಗವನ್ನು ಮೊದಲು ಓದಿ. ‘ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಮುನ್ನ ಹುದ್ದೆ ಭರ್ತಿ ಮಾಡಲಾಗುವುದು’ ಅಂತ ಇದೆಯೇ? ಶಾಲೆ ಶುರುವಾದ ವಾರ ಹೋಗಿ ನೋಡಿ. ಎರಡನೇ ಮೇಷ್ಟ್ರು ಬಂದಿದ್ದರೆ ಸರಿ. ಬಂದಿಲ್ಲವಾದರೆ ಆ ಹಾಳೆಯ ಎರಡು ಜೆರಾಕ್ಸ್ ಮಾಡಿಸಿ. ಒಂದು ಬಿಇಒ ಕಚೇರಿಗೆ, ಇನ್ನೊಂದು ಶಾಸಕರಿಗೆ. ತಡ ಮಾಡಬೇಡಿ. ಮಳೆಗಾಲದ ಅಧಿವೇಶನ ಹತ್ತಿರ ಬಂದಿರುತ್ತದೆ, ಪ್ರಶ್ನೆ ಮುಂಚೆಯೇ ಹೋಗಿ ಸೇರಬೇಕು.